ಅಳದೆ ಹಾಡುವ ರಾಣಿ

ಇಂಗ್ಲೆಂಡಿನ ಹೆನ್ರಿ ಪರ್ಸೆಲ್ ರಚಿಸಿದ ‘ಡೈಡೋ ಅಂಡ್ ಈನಿಯಸ್’ ಗೀತನಾಟಕವನ್ನು 1689ರ ವೇಳೆಗೆ ಚೆಲ್ಸಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಡಿದ್ದರು. ಈನಿಯಸ್ ಬಿಟ್ಟುಹೋದ ಮೇಲೆ ಕಾರ್ಥೇಜಿನ ರಾಣಿ ಡೈಡೋ ಸಾಯುವ ಮುನ್ನ ಹಾಡುವ ಹಾಡು ಅದರ ಜೀವ.

ಮೊದಲು ಕೆಳದನಿಯ ವಾದ್ಯಗಳು ಒಂದು ಸಣ್ಣ ಸ್ವರಸಾಲನ್ನು ನುಡಿಸುತ್ತವೆ. ಅರ್ಧರ್ಧ ಸ್ವರದಷ್ಟೇ ಮೆಟ್ಟಿಲಿಳಿಯುವ ಈ ಸಾಲು 11 ಸಲ ಬರುತ್ತದೆ, ಬದಲಾಗುವುದೇ ಇಲ್ಲ. ಇಷ್ಟೇ ಆಗಿದ್ದರೆ ಬೇಸರ ಬರುತ್ತಿತ್ತು. ಆದರೆ ಸಾಲು ಮುಗಿದಲ್ಲೆಲ್ಲ ಡೈಡೋ ತನ್ನ ಮಾತು ಮುಗಿಸುವುದಿಲ್ಲ. ಅದು ಮತ್ತೆ ಮೊದಲಾದಾಗಲೂ ಅವಳ ದನಿ ಅದನ್ನು ದಾಟಿ ಸಾಗುತ್ತಿರುತ್ತದೆ. ಕೆಳಗೆ ವಿಧಿ ತನ್ನ ಪಾಡಿಗೆ ತಾನು ನಡೆದಿದ್ದರೆ, ಮೇಲೆ ಅವಳು ತನ್ನ ಉಸಿರನ್ನು ತಾನೇ ಅಳೆದುಕೊಳ್ಳುತ್ತಾಳೆ. ತನ್ನನ್ನು ನೆನೆಯಿರೆಂದು ಕೇಳುವಾಗ ಒಂದೇ ಸ್ವರವನ್ನು ಮತ್ತೆ ಮತ್ತೆ ಹಿಡಿಯುತ್ತಾಳೆ. ಆಮೇಲೆ ಒಮ್ಮೆ ಎತ್ತರಕ್ಕೇರುತ್ತಾಳೆ.

ಕೆಲವು ಗಾಯಕಿಯರು ಇಲ್ಲಿ ಬಿಕ್ಕಿಬಿಕ್ಕಿ ಹಾಡುತ್ತಾರೆ. ನನಗದು ಹಿಡಿಸದು. ದುಃಖವೆಲ್ಲ ಆಗಲೇ ಆ ಇಳಿಯುವ ಸ್ವರಗಳಲ್ಲಿದೆ. ಅದರ ಮೇಲೆ ಗಾಯಕಿಯೂ ಅತ್ತರೆ ರಾಣಿಯ ಘನತೆ ಕುಗ್ಗುತ್ತದೆ. ಅವಳು ಹಾಡಿ ನಿಲ್ಲಿಸಿದ ಮೇಲೆ ಪಿಟೀಲುಗಳೂ ಅರ್ಧರ್ಧ ಸ್ವರವಾಗಿ ಇಳಿಯತೊಡಗುತ್ತವೆ. ಅಳುವ ಕೆಲಸ ಅವುಗಳದು. ಹೇಳಬೇಕಾದ್ದನ್ನು ಸ್ಪಷ್ಟವಾಗಿ ಹೇಳಿ ಮುಗಿಸುವುದಷ್ಟೇ ಅವಳದು.