ಇಳಿಸಿ ನೋಡಿ ಕೊಳ್ಳಿರಿ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ‘ಲಿಫ್ಟ್’ ಎಂಬ ಮಾತು ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ನೀರು. ಮಿರಜ ತಾಲೂಕಿನ ಮ್ಹೈಸಾಳದ ಬಳಿ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ಬರದ ಸೀಮೆಗೆ ಹರಿಸುವ ಯೋಜನೆಯ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಆ ನೀರಿಗಾಗಿ ತಾಲೂಕಿನ ಪೂರ್ವ ಭಾಗದ ಹಳ್ಳಿಗಳು ವರ್ಷಗಟ್ಟಲೆ ಕಾದದ್ದೂ, ಸಿಟ್ಟಿಗೆದ್ದು ಕರ್ನಾಟಕಕ್ಕೇ ಸೇರುತ್ತೇವೆ ಎಂದದ್ದೂ ಹಳೆಯ ಸುದ್ದಿ. ನಾನು ಹೇಳಹೊರಟಿದ್ದು ಅದಕ್ಕಿಂತ ಬಹಳ ಸಣ್ಣ ಲಿಫ್ಟಿನ ಸಂಗತಿ. ಗ್ಯಾರೇಜಿನಲ್ಲಿ ಮೋಟರ್‌ಸೈಕಲ್ಲನ್ನು ನೆಲದಿಂದ ಎತ್ತಿ ನಿಲ್ಲಿಸುವ ಸ್ಟ್ಯಾಂಡು.

ಸೋನ್ಯಾಳ, ಮಾಡಗ್ಯಾಳ, ಸಂಖ, ಉಮದಿ ಕಡೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಎಂಎಚ್ 10 ಮತ್ತು ಕೆಎ 28 ನಂಬರಿನ ಗಾಡಿಗಳು ಒಂದೇ ಬೇವಿನ ನೆರಳಲ್ಲಿ ಸಿಗುತ್ತವೆ. ಹಾಲಿನ ಕ್ಯಾನ್ ಹೊರುವ ಸ್ಪ್ಲೆಂಡರ್, ಮೇವಿನ ಸಿವುಡು ಹೊರುವ ಎಕ್ಸ್‌ಎಲ್, ದಾನಮ್ಮನ ದರ್ಶನಕ್ಕೆಂದು ವಿಜಯಪುರದ ಕಡೆಯಿಂದ ಗುಡ್ಡಾಪುರಕ್ಕೆ ಹೊರಟು ದಾರಿಯಲ್ಲಿ ಕೈಕೊಟ್ಟ ಬುಲೆಟ್. ಗಾಡಿಗಳ ತೂಕ ಬೇರೆ ಬೇರೆ: ಸ್ಪ್ಲೆಂಡರ್ ಸುಮಾರು 112 ಕಿಲೊ, ಎಕ್ಸ್‌ಎಲ್ 90ರೊಳಗೆ, ಬುಲೆಟ್ 350 ಅಂದರೆ 195ರ ಹತ್ತಿರ. ಇವಿಷ್ಟನ್ನೂ ಎತ್ತಲು ಇರುವ ಸಾಮಗ್ರಿ ಮಾತ್ರ ಬಹುತೇಕ ಒಂದೇ. ಗಾಡಿಯದೇ ಡಬಲ್ ಸ್ಟ್ಯಾಂಡು, ಒಂದೆರಡು ಕಟಗಿ ತುಂಡು, ಒಂದು ಕಲ್ಲು, ಮುಂದಿನ ಗಾಲಿ ಎತ್ತಬೇಕಾದರೆ ಬೇವಿನ ಟೊಂಗೆಗೆ ಬಿಗಿದ ಹಗ್ಗ.

ಇಂಥ ನೆರಳಲ್ಲೇ ಒಬ್ಬ ಹಿರಿಯ ಮಿಸ್ತ್ರಿ ನನಗೆ ಈ ವಿಷಯದ ಮೊದಲ ಪಾಠ ಹೇಳಿದ್ದು. ಯಾವ ಸ್ಟ್ಯಾಂಡ್ ಚಲೋ ಕಾಕಾ ಎಂದು ಕೇಳಿದ್ದೆ. ಪಾನಾ ಒರೆಸುತ್ತ ಅವರೆಂದರು: “ಗಾಡಿ ಎತ್ತೂದು ಯಾವ ಸ್ಟ್ಯಾಂಡಾದ್ರೂ ಎತ್ತತೈತ್ರಿ ಸರ. ಇಳಸೂ ಮುಂದ ಅದರ ಗುಣ ಗೊತ್ತಾಗತೈತಿ.” ಅಂದಿನಿಂದ ನಾನು ಕಂಡ ಪ್ರತಿ ಸ್ಟ್ಯಾಂಡನ್ನೂ ಈ ಮಾತಿನ ಮೇಲೆ ಇಟ್ಟು ಅಳೆಯುತ್ತ ಬಂದಿದ್ದೇನೆ. ಕೆಳಗಿನ ತೀರ್ಪುಗಳೆಲ್ಲ ಆ ಅಳತೆಯವು.

ಸ್ಟ್ಯಾಂಡ್ ಯಾಕೆ ಬೇಕು ಎಂಬುದನ್ನು ಮೊದಲು ನೋಡೋಣ. ಸೈಕಲ್ ರಿಪೇರಿಗೆ ಸ್ಟ್ಯಾಂಡಿನ ಹಂಗಿಲ್ಲ. ಸೀಟು, ಹ್ಯಾಂಡಲ್ ನೆಲಕ್ಕೆ ಮಾಡಿ ತಲೆಕೆಳಗೆ ನಿಲ್ಲಿಸಿದರೆ ಎರಡೂ ಗಾಲಿ ಕೈಗೆ ಬರುತ್ತವೆ. ನಮ್ಮ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯನ್ನು 1910ರಲ್ಲಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಉದ್ಯಮಕ್ಕೆ ಕಾಲಿಟ್ಟದ್ದು ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ. ಈ ಸೀಮೆಯ ಎಷ್ಟೋ ಮಿಸ್ತ್ರಿಗಳ ಕೈ ಪಳಗಿದ್ದೂ ಸೈಕಲ್ಲಿನ ಮೇಲೆಯೇ. ಅಲ್ಲಿ ಕಲಿತ ಕುಕ್ಕರಗಾಲಿನ ಭಂಗಿಯನ್ನೇ ಅವರು ಮೋಟರ್‌ಸೈಕಲ್ಲಿಗೂ ತಂದರು. ಸ್ಪ್ಲೆಂಡರಿನದು 18 ಇಂಚಿನ ಗಾಲಿ. ಅದರ ಆ್ಯಕ್ಸಲ್ ನೆಲದಿಂದ ಹೆಚ್ಚೆಂದರೆ ಒಂದು ಅಡಿ ಎತ್ತರ. ನಿಂತು ಕೆಲಸ ಮಾಡುವ ಮನುಷ್ಯನ ಕೈ ಹಿತವಾಗಿ ಆಡುವುದು ಮೂರು ಅಡಿಯ ಆಸುಪಾಸಿನಲ್ಲಿ. ನಡುವಿನ ಎರಡು ಅಡಿಯನ್ನು ದಿನಕ್ಕೆ ಎಂಟು ತಾಸು ತುಂಬಿಕೊಡುವುದು ಮಿಸ್ತ್ರಿಯ ಮೊಣಕಾಲು ಮತ್ತು ಬೆನ್ನು. ಇಪ್ಪತ್ತು ವರ್ಷ ಹೀಗೆ ಕೂತವರು “ನಡಾ ಹಿಡದೈತಿ” ಎನ್ನುತ್ತಲೇ ಏಳುತ್ತಾರೆ.

ಈಗ ಒಂದೊಂದಾಗಿ. ಡಬಲ್ ಸ್ಟ್ಯಾಂಡನ್ನು ನಾವು ಹಗುರವಾಗಿ ಕಾಣುತ್ತೇವೆ, ಪುಕ್ಕಟೆ ಬಂದದ್ದಲ್ಲವೇ. ಆದರೆ ಅದರ ಹಿಂದಿರುವ ಬುದ್ಧಿ ದೊಡ್ಡದು. ಅದರ ಕಾಲು ನೆಟ್ಟಗೆ ನಿಲ್ಲುವ ಗೆರೆಯನ್ನು ದಾಟಿ ತುಸು ಮುಂದಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಗಾಡಿಯ ಭಾರವೇ ಅದಕ್ಕೆ ಬೀಗ. ಗಾಡಿಯನ್ನು ಎತ್ತಿ ಹಾಕಲು ಹೋಗುವವರು ಬೆವರುತ್ತಾರೆ. ಕಾಲಿನ ಮೇಲೆ ಮೈಭಾರ ಬಿಟ್ಟು ಒತ್ತುವವರಿಗೆ ಅದು ತಾನೇ ಏರುತ್ತದೆ. ಇಳಿಯುವಾಗಿನ ಗುಣವೂ ಸರಳ, ಮುಂದಕ್ಕೆ ತಳ್ಳಿದರೆ ಕಳಚುತ್ತದೆ. ಅಪಾಯ ಇರುವುದೂ ಅಲ್ಲೇ. ಮೂತಿ ಇಳಿಜಾರಿನ ಕಡೆ ಇದ್ದರೆ, ಅಥವಾ ತುಕ್ಕು ಹಿಡಿದ ಬೋಲ್ಟನ್ನು ಮುಂದಕ್ಕೆ ಜಗ್ಗಿದರೆ, ನಾವು ಕೇಳದೆಯೇ ಅದು ಇಳಿದುಬಿಡುತ್ತದೆ. ಇದಕ್ಕೆ ಮದ್ದು ಒಂದು ಗೇಣು ಹಗ್ಗದಷ್ಟು ಅಗ್ಗ: ಸ್ಟ್ಯಾಂಡಿನ ಕಾಲನ್ನು ಮುಂದಿನ ಗಾಲಿಗೆ ಬಿಗಿದು ಕಟ್ಟಿದರೆ ಅದು ಹಿಂದಕ್ಕೆ ಮಡಚುವಂತಿಲ್ಲ. ಹಳೆಯ ಟ್ಯೂಬಿನ ಪಟ್ಟಿ ಬೇಡ, ಅದು ಹಿಗ್ಗುತ್ತದೆ. ಬ್ರೇಕ್ ಲೈನರ್, ಚೈನು, ಹಿಂದಿನ ಪಂಕ್ಚರ್, ಇಷ್ಟು ಕೆಲಸಕ್ಕೆ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಸ್ಟ್ಯಾಂಡ್ ನಾನು ಕಂಡಿಲ್ಲ. ಚೈನಿಗೆ ಎಣ್ಣೆ ಬಿಡುವಾಗ ಎಂಜಿನ್ ಬಂದ್ ಇರಲಿ, ಗಾಲಿಯನ್ನು ಕೈಯಿಂದ ತಿರುಗಿಸಿ. ಓಡುವ ಚೈನಿನ ನಡುವೆ ಬಟ್ಟೆ ಸಿಕ್ಕರೆ ಅದರ ಹಿಂದೆ ಬೆರಳೂ ಹೋಗುತ್ತದೆ.

ಆದರೆ ಈಗಿನ ಹುಡುಗರ ಗಾಡಿಗಳಿಗೆ ಡಬಲ್ ಸ್ಟ್ಯಾಂಡೇ ಇಲ್ಲ. ಆರ್15, ಡ್ಯೂಕ್, ಪಲ್ಸರ್ ಎನ್‌ಎಸ್200 ಎಲ್ಲವೂ ಒಂಟಿ ಕಾಲಿನ ಮೇಲೆಯೇ ನಿಲ್ಲುತ್ತವೆ. ಅವುಗಳಿಗಾಗಿ ಬಂದದ್ದು ಪ್ಯಾಡಾಕ್ ಸ್ಟ್ಯಾಂಡ್. ಹಿಂದಿನ ಸ್ವಿಂಗ್ ಆರ್ಮಿಗೆ ತಗುಲಿಸಿ, ಉದ್ದನೆಯ ಹಿಡಿಕೆಯನ್ನು ನೆಲಕ್ಕೆ ಒತ್ತಿದರೆ ಹಿಂದಿನ ಗಾಲಿ ಮೇಲೇಳುತ್ತದೆ. ಸ್ವಿಂಗ್ ಆರ್ಮಿನ ಕೆಳಗೆ ರಬ್ಬರ್ ತೊಟ್ಟಿಲು ಕೊಟ್ಟು ಎತ್ತುವುದು ಒಂದು ಬಗೆ. ಸ್ವಿಂಗ್ ಆರ್ಮಿಗೆ ಸ್ಪೂಲ್ ಕೂಡಿಸಿ ಅದನ್ನು ಕೊಕ್ಕೆಯಿಂದ ಹಿಡಿಯುವುದು ಇನ್ನೊಂದು. ಎರಡನೆಯದೇ ಮೇಲು, ರಬ್ಬರ್ ಜಾರುತ್ತದೆ, ಕೊಕ್ಕೆಗೆ ಆ ಚಾಳಿಯಿಲ್ಲ. ಸ್ಪೂಲಿನ ಬೋಲ್ಟು 6, 8, 10 ಮಿಲಿಮೀಟರ್ ಎಂದು ಗಾಡಿಗೊಂದು ಅಳತೆ ಇರುವುದರಿಂದ ಗಾಡಿ ತೋರಿಸಿಯೇ ತರಬೇಕು.

ಪ್ಯಾಡಾಕ್ ಸ್ಟ್ಯಾಂಡಿನ ಇಳಿಯುವ ಗುಣ ಅಷ್ಟು ಚಲೋ ಇಲ್ಲ. ಹಿಡಿಕೆ ಎತ್ತಿದ ಕ್ಷಣ ಗಾಡಿ ಧೊಪ್ಪೆಂದು ಕೂರುತ್ತದೆ, ಜೊತೆಗೇ ಮುಂದಕ್ಕೆ ಉರುಳುತ್ತದೆ, ಎರಡೂ ಕಡೆ ಬೀಳಲು ದಾರಿ ತೆರೆದಿರುತ್ತದೆ. ಗಿಯರಿನಲ್ಲಿ ಇಟ್ಟಿದ್ದೇನೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಹಿಂದಿನ ಗಾಲಿ ನೆಲ ಬಿಟ್ಟಮೇಲೆ ಗಿಯರಿಗೆ ಹಿಡಿಯಲು ನೆಲವೇ ಇಲ್ಲ. ಮುಂದಿನ ಬ್ರೇಕನ್ನು ರಬ್ಬರಿನಿಂದ ಬಿಗಿದು ಕಟ್ಟಬೇಕು, ಹ್ಯಾಂಡಲ್ ಹಿಡಿಯಲು ಇನ್ನೊಬ್ಬರು ಬೇಕು. ಅದರ ಸಣ್ಣ ಗಾಲಿಗಳಿಗೆ ಗಟ್ಟಿ ನೆಲವೂ ಬೇಕು. ಮುರುಮಿನ ಅಂಗಳದಲ್ಲಿ ಅವು ಉರುಳುವುದನ್ನು ಬಿಟ್ಟು ಹುಗಿಯುತ್ತವೆ.

ಇದೇ ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ರೇಟಿಗೆ ಮಾಡಿಸುವುದು ನಮ್ಮ ಕಡೆ ರೂಢಿ. ನಾನೂ ಅಳಿಯನ ಗಾಡಿಗೆಂದು ಒಂದನ್ನು ಮಾಡಿಸಿದ್ದೆ, ಬೋರಿನ ಹಳೆಯ ಜಿ.ಐ. ಪೈಪಿನಿಂದ. ನೋಡಲು ಅಂಗಡಿಯದರಂತೆಯೇ ಇತ್ತು. ಮೂರನೆಯ ಸಲ ಎತ್ತಿದಾಗ ತಾನಾಗಿಯೇ ವಾಪಸ್ ಮಗುಚಿ ಗಾಡಿಯ ಲಿವರ್ ಮುರಿಯಿತು. ಆಕಾರ ನಕಲಾಗಿತ್ತು, ಕೋನ ನಕಲಾಗಿರಲಿಲ್ಲ. ಕೊಕ್ಕೆಯು ಸ್ಟ್ಯಾಂಡಿನ ಗಾಲಿಯ ಮೇಲಿಂದ ದಾಟಿ ಹಿಡಿಕೆಯ ಕಡೆಗೆ ಬಂದು ಕೂತರೆ ಮಾತ್ರ ಭಾರ ಅದನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಎರಡು ಬೆರಳು ಕಡಿಮೆಯಾದರೂ ಅದೇ ಭಾರ ಅದನ್ನು ಹಿಂದಕ್ಕೆ ಒದೆಯುತ್ತದೆ. ಡಬಲ್ ಸ್ಟ್ಯಾಂಡಿನ ಕಾಲಿನಲ್ಲಿ ಕಂಡ ಬುದ್ಧಿಯೇ ಇಲ್ಲೂ. ಇನ್ನೊಂದು ಮಾತು: ಜಿ.ಐ. ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ. ಅದನ್ನು ಉಜ್ಜಿ ತೆಗೆಯದೆ ವೆಲ್ಡ್ ಮಾಡಿದರೆ ಬೆಸುಗೆಯಲ್ಲಿ ತೂತು ಬೀಳುತ್ತದೆ, ಆ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಮಾಡಿಸುವುದೇ ಆದರೆ ಲೇಪವಿಲ್ಲದ ಕಪ್ಪು ಎಂ.ಎಸ್. ಪೈಪು ಕೊಡಿ, ಎದುರಿಗೆ ಕಂಪನಿಯದೊಂದು ಸ್ಟ್ಯಾಂಡಿಟ್ಟು ಕೋನ ಅಳೆಸಿ.

ಎಂಜಿನ್ ಕೆಳಗೆ ಇಟ್ಟು ಎತ್ತುವ ಜಾಕುಗಳಲ್ಲಿ ಎರಡು ಕುಲ. ಟೆಂಪೋ ಚಾಲಕರ ಸೀಟಿನಡಿ ಇರುವ ಹೈಡ್ರಾಲಿಕ್ ಬಾಟಲ್ ಜಾಕನ್ನು ಬೈಕಿಗೆ ತರುವವರು ಬಹಳ. ಅದರ ತಲೆ ಅಂಗೈಗಿಂತ ಸಣ್ಣದು, ಸೀಲ್ ಹಳತಾದರೆ ಗೊತ್ತಾಗದಂತೆ ಕುಸಿಯುತ್ತದೆ, ವಾಲ್ವ್ ತುಸು ಹೆಚ್ಚು ತಿರುಗಿದರೆ ಒಮ್ಮೆಲೇ ಕೂರುತ್ತದೆ. ಎತ್ತಲು ಮಾತ್ರ ಅದು ಸಾಕು. ಎತ್ತಿದ ಮೇಲೆ ಭಾರವನ್ನು ಕಟಗಿ ತುಂಡಿನ ಮೇಲೆ ಬಿಡದೆ ಕೈ ಹಾಕಬಾರದು. ಸ್ಕ್ರೂ ತಿರುಗಿಸಿ ಎತ್ತುವ ಸಿಸರ್ ಜಾಕು ಅದಕ್ಕಿಂತ ನಿಯತ್ತಿನದು. ಎಷ್ಟು ಸುತ್ತು ಹಾಕಿ ಏರಿಸಿದ್ದೀರೋ ಅಷ್ಟೇ ಸುತ್ತು ಹಾಕಿ ಇಳಿಸಬೇಕು, ಕೈ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಮಿಸ್ತ್ರಿ ಕಾಕಾನ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ನಂಬರು. ಆದರೆ ಅದರ ತಳ ಕಿರಿದು. ಗಾಡಿಯನ್ನು ಎರಡೂ ಬದಿಗೆ ಹಗ್ಗದಿಂದ ಬಿಗಿಯದಿದ್ದರೆ ಹ್ಯಾಂಡಲ್ ತಿರುಗಿದಷ್ಟಕ್ಕೇ ವಾಲಬಹುದು. ಸ್ಪ್ಲೆಂಡರಿನಂತೆ ಕೆಳಗೆ ಫ್ರೇಮಿನ ಪೈಪು ಹಾದುಹೋದ ಗಾಡಿಗೆ ಇದು ಹೊಂದುತ್ತದೆ. ಎನ್‌ಎಸ್200ದಂತೆ ಸೈಲೆನ್ಸರನ್ನೇ ಹೊಟ್ಟೆಯ ಕೆಳಗೆ ಅಡಗಿಸಿಕೊಂಡ ಗಾಡಿಗೆ ಜಾಕಿಡಲು ಜಾಗವಿಲ್ಲ. ಆಯಿಲ್ ಬೋಲ್ಟಿನ ಮೇಲೆ ಜಾಕಿಟ್ಟು ಎತ್ತಿದರೆ ಅಲ್ಯೂಮಿನಿಯಂ ಸೀಳುತ್ತದೆ, ಆ ಖರ್ಚು ಜಾಕಿನ ಬೆಲೆಯನ್ನು ಮೀರುತ್ತದೆ.

ಮುಂದಿನ ಗಾಲಿಯ ಸ್ಟ್ಯಾಂಡ್ ಕೊಳ್ಳುವವರು ಒಂದನ್ನು ಕೇಳಿಕೊಳ್ಳಬೇಕು: ಗಾಲಿ ಬಿಚ್ಚುವುದಷ್ಟೇ ಇದೆಯೋ, ಫೋರ್ಕೂ ಬಿಚ್ಚುವುದಿದೆಯೋ? ನಮ್ಮ ರಸ್ತೆಗಳ ತಗ್ಗಿನಲ್ಲಿ ಫೋರ್ಕಿನ ಆಯಿಲ್ ಸೀಲ್ ಹೋಗುವುದು ನಿತ್ಯದ ಮಾತು. ಫೋರ್ಕಿನ ಕಾಲನ್ನೇ ಹಿಡಿದು ಎತ್ತುವ ಸ್ಟ್ಯಾಂಡು ಆ ಕೆಲಸಕ್ಕೆ ಬಾರದು, ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ತೂತಿಗೆ ಪಿನ್ನು ಕೊಟ್ಟು ಎತ್ತುವುದು ಬೇಕು. ಬೇವಿನ ಟೊಂಗೆಯ ಹಗ್ಗ ಇಲ್ಲಿ ಅಂಗಡಿಯ ಅರ್ಧ ಸ್ಟ್ಯಾಂಡುಗಳಿಗಿಂತ ಜಾಣ: ಮೇಲಿನಿಂದ ಹಿಡಿಯುತ್ತದೆ, ಕೆಳಗೆಲ್ಲ ಖಾಲಿ ಬಿಡುತ್ತದೆ, ನಿಧಾನಕ್ಕೆ ಇಳಿಸುತ್ತದೆ. ಟೊಂಗೆ ಹಸಿಯಾಗಿರಬೇಕು, ಹಗ್ಗ ಹೊಸದಾಗಿರಬೇಕು, ಅಷ್ಟೇ.

ಇನ್ನು ಗಾಡಿಯನ್ನೇ ಹಲಗೆಯ ಮೇಲೆ ಹತ್ತಿಸಿ ಎದೆಮಟ್ಟಕ್ಕೆ ಎತ್ತುವ ಹೈಡ್ರಾಲಿಕ್ ರ‍್ಯಾಂಪ್. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಹೇಳಿದ ದ್ರವದ ನಿಯಮವೇ ಇದರ ಜೀವಾಳ. ಸಣ್ಣ ಪಿಸ್ಟನ್ನಿನ ಮೇಲೆ ಕಾಲಿನಿಂದ 20 ಕಿಲೊ ಒತ್ತಿದರೆ, ಹತ್ತು ಪಟ್ಟು ವಿಸ್ತೀರ್ಣದ ದೊಡ್ಡ ಪಿಸ್ಟನ್ನು 200 ಕಿಲೊ ಎತ್ತುತ್ತದೆ. ಬದಲಿಗೆ ಹತ್ತು ಪಟ್ಟು ಹೆಚ್ಚು ತುಳಿಯಬೇಕು. ಹಲಗೆ ತೀರ ಕೆಳಗಿದ್ದಾಗಲೇ ಹೆಚ್ಚು ಬಲ ಬೇಡುತ್ತದೆ, ಏಕೆಂದರೆ ಅದನ್ನು ಹೊತ್ತ ಕತ್ತರಿ ಕಾಲುಗಳು ಆಗ ಮಲಗಿರುತ್ತವೆ. ಆದ್ದರಿಂದ ಅರ್ಧ ಎತ್ತರದಲ್ಲಿ ಸಲೀಸಾಗಿ ಏರುವುದನ್ನು ನೋಡಿ ಮರುಳಾಗಬಾರದು. ಪೂರ್ತಿ ತಳದಿಂದ, ಬುಲೆಟ್ ಹೊರಿಸಿ ಏಳಿಸಿ ನೋಡಬೇಕು. 195 ಕಿಲೊ ಗಾಡಿಗೆ 200 ಕಿಲೊ ರ‍್ಯಾಂಪ್ ಸಾಲದು. ಬೋಲ್ಟ್ ಬಿಚ್ಚಲು ಮಿಸ್ತ್ರಿ ಮೈಭಾರ ಹಾಕುತ್ತಾನೆ, ಆ ಜಗ್ಗಾಟವನ್ನೂ ಅದೇ ಹೊರಬೇಕು. ಮುಂದಿನ ಗಾಲಿಗೆ ಹಿಡಿತ, ನಾಲ್ಕು ಕಡೆ ಬೆಲ್ಟ್ ಕಟ್ಟಲು ಬಳೆ, ಹಿಂದಿನ ಗಾಲಿ ಕೆಳಗಿಳಿಸಿ ತೆಗೆಯಲು ಬಿಚ್ಚುವ ಹಲಗೆ, ಈ ಮೂರೂ ಇರಬೇಕು.

ರ‍್ಯಾಂಪಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಕಬ್ಬಿಣದ ಬೀಗ. ಎಣ್ಣೆ ಎತ್ತಲಿ, ಭಾರ ಮಾತ್ರ ಕಬ್ಬಿಣದ ಹಲ್ಲಿನ ಮೇಲೆ ಕೂರಬೇಕು. ಒಳ್ಳೆಯ ರ‍್ಯಾಂಪನ್ನು ಇಳಿಸಬೇಕಾದರೆ ಮೊದಲು ತುಸು ಏರಿಸಿ, ಬೀಗ ಬಿಡಿಸಿ, ಆಮೇಲೆ ಪೆಡಲ್ ಒತ್ತಬೇಕು. ಇದು ಕಿರಿಕಿರಿ ಎಂದು ಬೀಗವನ್ನೇ ಎತ್ತಿ ಕಟ್ಟಿಡುವ ಗ್ಯಾರೇಜುಗಳಿವೆ. ಆ ಕಿರಿಕಿರಿಯೇ ಮನುಷ್ಯನ ಕಾಲು ಕಾಯುವುದು. ಕರೆಂಟಿನ ರ‍್ಯಾಂಪೂ ಸಿಗುತ್ತದೆ. ಲೋಡ್ ಶೆಡ್ಡಿಂಗಿಗೆ ಕಾದು ಕೂರುವ ಊರಿಗೆ ಕಾಲಿನಿಂದ ತುಳಿಯುವುದೇ ವಾಸಿ. ನಮ್ಮ ಧೂಳು ಸೀಲನ್ನು ಬೇಗ ತಿನ್ನುವುದರಿಂದ, ವಿಜಯಪುರದಲ್ಲಿಯೋ ಕೊಲ್ಲಾಪುರದಲ್ಲಿಯೋ ಸೀಲ್ ಸಿಗುವ ಮಾಲನ್ನೇ ಕೊಳ್ಳಬೇಕು.

ತೀರ್ಪು ಇಷ್ಟು. ಮನೆಯಲ್ಲಿ ಒಂದು ಸ್ಪ್ಲೆಂಡರ್ ಇದ್ದವರು ಏನನ್ನೂ ಕೊಳ್ಳಬೇಕಿಲ್ಲ. ಡಬಲ್ ಸ್ಟ್ಯಾಂಡು, ಕೆಳಗೊಂದು ಗಟ್ಟಿ ಹಲಗೆ, ಒಂದು ಹಗ್ಗ ಸಾಕು. ಡಬಲ್ ಸ್ಟ್ಯಾಂಡಿಲ್ಲದ ಗಾಡಿಗೆ ಸ್ಪೂಲಿನ ಪ್ಯಾಡಾಕ್, ಜೊತೆಗೊಬ್ಬ ಆಳು. ಗ್ಯಾರೇಜ್ ಇಟ್ಟವರು ಮೊದಲು ನಾಲ್ಕು ಹೆಜ್ಜೆ ಜಾಗಕ್ಕೆ ಕಾಂಕ್ರೀಟ್ ಹಾಕಲಿ, ಆಮೇಲೆ ಕಾಲು ತುಳಿಯುವ, ಹಲ್ಲಿನ ಬೀಗವಿರುವ ರ‍್ಯಾಂಪ್ ತರಲಿ. ಮಣ್ಣಿನ ಮೇಲೆ ಅತ್ಯುತ್ತಮ ರ‍್ಯಾಂಪೂ ವಾಲುತ್ತದೆ. ಅದರ ಬೆಲೆ ಪ್ಯಾಡಾಕ್ ಸ್ಟ್ಯಾಂಡಿನ ಹತ್ತಾರು ಪಟ್ಟು ಎಂಬುದು ನಿಜ. ಆದರೆ ಈ ಪಟ್ಟಿಯಲ್ಲಿ ಮಿಸ್ತ್ರಿಯ ಬೆನ್ನನ್ನು ಲೆಕ್ಕಕ್ಕೆ ತೆಗೆದುಕೊಂಡ ಸಾಧನ ಅದೊಂದೇ. ಪಾನಾ ಹಿಡಿಯಲು ಬಂದ ಹದಿನೆಂಟರ ಹುಡುಗ ನಲವತ್ತರಲ್ಲೂ ನೆಟ್ಟಗೆ ನಿಲ್ಲಬೇಕಾದರೆ ಆ ದುಡ್ಡು ಹೆಚ್ಚಿನದಲ್ಲ.

ಕೊಳ್ಳಲು ಹೋದಾಗ ಅಂಗಡಿಯವರು ಗಾಡಿ ಎತ್ತಿ ತೋರಿಸುತ್ತಾರೆ. ಅದನ್ನು ಹಾಗೇ ಬಿಡಲು ಹೇಳಿ, ಹಲಗೆಯ ಮಟ್ಟಕ್ಕೆ ಸುಣ್ಣದಕಡ್ಡಿಯ ಗೆರೆ ಎಳೆದು, ಚಹಾ ಕುಡಿದು ಬನ್ನಿ. ಗೆರೆ ಬಿಟ್ಟು ಇಳಿದಿದ್ದರೆ ಬೇಡ. ಇದ್ದಲ್ಲೇ ಇದ್ದರೆ, ಇನ್ನು ಇಳಿಸಿ ತೋರಿಸ್ರಿ ಅನ್ನಿ.