ಕೌದಿಗೆ ಅಂಗಡಿ ಎಲ್ಲೈತಿ?

ಬೆಂಗಳೂರಿನಲ್ಲಿ ಕೌದಿಗೆ ಈಗ ಒಳ್ಳೇ ಕಾಲ. ಸೋಫಾ ಮೇಲೆ ಹಾಸ್ತಾರೆ, ಗೋಡೆಗೆ ನೇತು ಹಾಕ್ತಾರೆ, ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ. ಟ್ಯಾಗಿನಲ್ಲಿ ಅಜ್ಜಿ ಇರ್ತಾಳೆ, ಪ್ರೀತಿ ಇರುತ್ತೆ, ನೆನಪು ಇರುತ್ತೆ. ಹೊಲಿದವಳ ಹೆಸರು ಮಾತ್ರ ಇರಲ್ಲ. ಬೆಲೆ ನೋಡಿದರೆ ನನ್ನ ಮೊದಲ ಪಿಜಿ ಬಾಡಿಗೆಗಿಂತ ಜಾಸ್ತಿ.

ಕಳೆದ ಚಳಿಗಾಲದಲ್ಲಿ ನಾವು ನಾಲ್ಕು ಜನ ಕಾರು ತಗೊಂಡು ಕಾರಟಗಿ, ತಾವರಗೇರಾ, ಕುಷ್ಟಗಿ, ಇಳಕಲ್ ಅಂತ ಎರಡು ದಿನ ಕೌದಿ ಅಂಗಡಿ ಹುಡುಕಿಕೊಂಡು ತಿರುಗಿದೆವು. ನಾನು ಕಾರಟಗಿ ಸೀಮೆಯವನು. ಹಂಗೊಂದು ಅಂಗಡಿ ಇರಲ್ಲ ಅಂತ ಹೊರಡುವಾಗಲೇ ಹೇಳಿದ್ದೆ. ಉಳಿದವರಿಗೆ ನನಗಿಂತ ಗೂಗಲ್ ಮ್ಯಾಪ್ ಮೇಲೆ ನಂಬಿಕೆ.

ಕಾರಟಗಿಯಲ್ಲಿ ಸಿಕ್ಕಿದ್ದು ಗಾದಿ ಅಂಗಡಿ. ಅರಳಿ ತುಂಬಿದ ಗಾದಿ, ತಲೆದಿಂಬು, ಸೋಲಾಪುರದ ಚಾದರ, ಪಾಣಿಪತ್ತಿನ ಮೆತ್ತನೆ ಬ್ಲಾಂಕೆಟ್ಟು, ಎಲ್ಲದರ ಮೇಲೂ ರೈಸ್ ಮಿಲ್ಲಿನ ಸಣ್ಣ ಧೂಳು. ಕೌದಿ ಇದೆಯಾ ಅಂದರೆ ಅಂಗಡಿಯವರು ನಕ್ಕರು. "ಕೌದಿ ಮಾರೂದಲ್ರೀ, ಹೊಲಸೂದು. ನಿಮ್ಮನ್ಯಾಗ ಹಳೇ ಸೀರಿ ಇಲ್ಲೇನು?" ಆ ಯಜಮಾನರು ಕೂತಿದ್ದು ಕೌದಿಯ ಮೇಲೆಯೇ. ನಾಲ್ಕು ಮಡಿಕೆ ಹಾಕಿ ಗಲ್ಲಾ ಪೆಟ್ಟಿಗೆಯ ಮುಂದೆ ಹಾಸಿಕೊಂಡಿದ್ದರು.

ಕೌದಿಯ ಬಗ್ಗೆ ಬರೆಯುವವರು ತಪ್ಪಿಸಿಕೊಳ್ಳುವುದು ಇದನ್ನೇ. ಬಟ್ಟೆ ನಿಮ್ಮದು, ಕೈ ಆಕೆಯದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಇದು ಪ್ರಾಡಕ್ಟ್ ಅಲ್ಲ, ಸರ್ವೀಸ್. ಮನೆಯವರೇ ಹೊಲಿದುಕೊಳ್ಳುವುದು ಉಂಟು. ಇಲ್ಲವೆಂದರೆ ಊರೂರು ತಿರುಗಿ ಹೊಲಿದುಕೊಡುವವರು, ಅದರಲ್ಲೂ ಗೋಂಧಳಿ ಸಮಾಜದ ಹೆಣ್ಣುಮಕ್ಕಳು. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಬರ್ತಿದ್ದರು. ಗುಡಿ ಕಟ್ಟೆಯ ಮೇಲೆ ಹರಿದ ಸೀರೆ, ಧೋತರ, ಲಂಗ ಹರಡಿ ಪದರ ಜೋಡಿಸಿ, ಮೇಲೆ ಬಣ್ಣದ ತುಂಡು ಇಟ್ಟು, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿಗೆ ಹಾಕೋರು. ಕೂಲಿ ಸ್ವಲ್ಪ ರೊಕ್ಕ, ಸ್ವಲ್ಪ ಜೋಳ.

ಹಾಗಾದರೆ ಒಳ್ಳೇ ಕೌದಿ ಯಾವುದು? ನಗರದ ಮೆಚ್ಚುಗೆ ಎಲ್ಲಾ ಬಣ್ಣಕ್ಕೆ. ಕೌದಿಯನ್ನು ಒಮ್ಮೆ ತಿರುಗಿಸಿ ಹಿಂಭಾಗ ನೋಡಿ ಅಂತೀನಿ ನಾನು. ಹೊಲಿಗೆಯ ಸಾಲು ಎಷ್ಟು ಒತ್ತಾಗಿದೆ, ಅಂಚಿನಿಂದ ನಡುವಿನತನಕ ಅದೇ ಅಂತರ ಇದೆಯಾ, ಹೊಲಿಗೆ ಎಲ್ಲಾ ಪದರವನ್ನೂ ಹಿಡಿದಿದೆಯಾ ಅಥವಾ ಮೇಲಿನ ತುಂಡನ್ನಷ್ಟೇ ಕಚ್ಚಿದೆಯಾ? ನಮ್ಮಲ್ಲಿ ಮಹಾನವಮಿ ಮುಂಚೆ ಮನೆಯ ಹಾಸಿಗೆ ಎಲ್ಲಾ ಕಾಲುವೆಗೆ ಹೋಗ್ತವೆ. ನೀರು ಕುಡಿದ ಕೌದಿಯನ್ನು ಇಬ್ಬರು ಹಿಡಿದು ಹಿಂಡಬೇಕು. ಹೊಲಿಗೆ ವಿರಳವಾಗಿದ್ದರೆ ಒಳಗಿನ ಬಟ್ಟೆ ಸರಿದು ಒಂದು ಕಡೆ ಗುಡ್ಡೆ ಬೀಳುತ್ತೆ. ಆ ಕೌದಿ ಮುಗಿಯಿತು. ಕೌದಿಯ ವಿಮರ್ಶೆ ಮಾಡೋದು ಕಾಲುವೆ ಕಲ್ಲು. ಗೋಡೆಗೆ ನೇತು ಹಾಕಿದ್ದಕ್ಕೆ ಈ ಪರೀಕ್ಷೆ ಯಾವತ್ತೂ ಬರೋದೇ ಇಲ್ಲ.

ತಾವರಗೇರಾ ದಾಟಿದರೆ ಕಾಲುವೆಯ ಹಸಿರು ಹಿಂದೆ ಉಳಿಯುತ್ತೆ, ಗದ್ದೆ ಹೋಗಿ ಮಳೆಯಾಶ್ರಿತ ಹೊಲ ಶುರು. ಕುಷ್ಟಗಿಯ ಹೊರಗೆ ಒಂದು ಬೇವಿನ ಮರದಡಿ ಇಬ್ಬರು ಹೆಣ್ಣುಮಕ್ಕಳು ಹೊಲೀತಾ ಕೂತಿದ್ದರು. ಅಲ್ಲಿದ್ದ ಒಂದು ಕೌದಿ ಇನ್ನೂ ಕಣ್ಣಲ್ಲಿದೆ. ನಡುವೆ ಇಳಕಲ್ ಸೀರೆಯ ಕೆಂಪು ಸೆರಗು, ಅದನ್ನು ಕತ್ತರಿಸದೇ ಹಾಗೇ ಇಟ್ಟಿದ್ದಾರೆ. ಸುತ್ತ ಮಾಸಿದ ನೀಲಿ, ಒಂದು ಮೂಲೆಯಲ್ಲಿ ಶಾಲೆ ಯೂನಿಫಾರ್ಮಿನ ತುಂಡು. ತುಂಡುಗಳ ಅಳತೆ ಒಂದಕ್ಕೊಂದು ಹೊಂದಲ್ಲ, ಹೊಲಿಗೆಯ ಸಾಲು ಮಾತ್ರ ಎಲ್ಲೂ ತಪ್ಪಿಲ್ಲ. ಗೆಳತಿ ಇದನ್ನೇ ಕೊಡ್ತೀರಾ ಅಂದಳು. ಹಿರಿಯಾಕೆ ತಲೆ ಎತ್ತದೆ, "ಇದು ಮಂದೀದು ತಂಗಿ. ನಿಮ್ಮ ಸೀರಿ ತಂದುಕೊಡ್ರಿ" ಅಂದರು.

ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕೊನೆಗೂ ಕೌದಿ ಸಿಕ್ಕಿತು, ಪ್ಲಾಸ್ಟಿಕ್ ಕವರಿನಲ್ಲಿ. ಹೊಸ ಬಟ್ಟೆ, ಒಂದೇ ಅಳತೆಯ ಚೌಕ, ಎರಡೇ ಪದರ, ಹೊಲಿಗೆಯ ನಡುವೆ ನನ್ನ ಮೂರು ಬೆರಳು ಹಿಡಿಸುವಷ್ಟು ಜಾಗ. ನೋಡೋಕೆ ಚೆಂದ. ಹೊಸ ಬಟ್ಟೆ ಅನ್ನೋದು ನನ್ನ ತಕರಾರಲ್ಲ, ಹಳೇದೇ ಆಗಬೇಕು ಅನ್ನೋದು ನಗರದವರ ಹುಚ್ಚು. ಬಟ್ಟೆಯಲ್ಲಿ ಮಾಡದ ಉಳಿತಾಯವನ್ನು ಹೊಲಿಗೆಯಲ್ಲಿ ಮಾಡಿದ್ದಾರೆ ಅನ್ನೋದೇ ತಕರಾರು. ಅಂದರೆ ಕಡಿಮೆಯಾಗಿದ್ದು ಆಕೆಯ ಕೂಲಿ. ಸೀರೆಯ ಒಡಲಿಗೂ ಸೆರಗಿಗೂ ಕುಣಿಕೆ ಹಾಕಿ ಜೋಡಿಸುವ ತೋಪ ತೆನೆಯ ಕಸುಬನ್ನು ಬಾಯಿ ತುಂಬಾ ವಿವರಿಸಿದ ಅಂಗಡಿಯವರಿಗೆ, ಈ ಕೌದಿ ಹೊಲಿದವರು ಯಾರು ಅಂತ ಕೇಳಿದರೆ "ಹಳ್ಳೀ ಮಂದಿ ರೀ" ಅನ್ನೋದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಹೆಸರು ಇರೋದು ಅಸಾಧ್ಯ ಅಂತೇನಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಯನ್ನೇ ನೋಡಿ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ 'ಫೂಲ' ಇಡ್ತಾರೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಜೊತೆ ಕೆಲಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಆ ಕವಂದಿಗಳ ಪ್ರದರ್ಶನ ಆಯಿತು. ಆದರೆ ಪ್ರದರ್ಶನ, ಹೆಸರು ಎರಡೂ ಸಿಕ್ಕಿಬಿಟ್ಟರೆ ಲೆಕ್ಕ ಚುಕ್ತಾ ಅಂತಲೂ ಅಲ್ಲ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳ ಕೌದಿಗಳು 2002ರಲ್ಲಿ ಮ್ಯೂಸಿಯಂ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿ ಆದವು. 2007ರಲ್ಲಿ ಹೊಲಿದವರಲ್ಲೇ ಕೆಲವರು ನಮಗೆ ಬರಬೇಕಾದ ದುಡ್ಡು ಬಂದಿಲ್ಲ ಅಂತ ಕೋರ್ಟಿಗೆ ಹೋದರು. ಆ ವ್ಯಾಜ್ಯ ಬಗೆಹರಿದದ್ದು ಮಾರನೇ ವರ್ಷ.

ಅದಕ್ಕೇ ಬೊಟಿಕ್ಕಿನ ಟ್ಯಾಗಿನಲ್ಲಿ ನನಗೆ ಅಜ್ಜಿ ಬೇಡ. ಯಾರು ಹೊಲಿದರು, ಎಷ್ಟು ದಿನ ಹಿಡಿಯಿತು, ಕೂಲಿ ಎಷ್ಟು ಕೊಟ್ಟಿರಿ, ಇಷ್ಟು ಬರೀರಿ. ಕಾಫಿ ಬೀಜ ಯಾವ ಎಸ್ಟೇಟಿನದು ಅಂತ ಪಾಕೀಟಿನ ಮೇಲೆ ಓದಿ ಕೊಳ್ಳುವ ನಮಗೆ ಇದು ಹೊಸದೇನಲ್ಲ.

ಗೆಳತಿ ವಾಪಸ್ ಹೋಗುವಾಗ ಕುಷ್ಟಗಿಯಲ್ಲಿ ಮತ್ತೆ ಕಾರು ನಿಲ್ಲಿಸಿದಳು. ಕೂಲಿ ಮಾತಾಯಿತು, ಅರ್ಧ ಮುಂಗಡ. ದಾರದ ದುಡ್ಡು ಬೇರೆ ಅಂತ ಹಿರಿಯಾಕೆ ಪಟ್ಟು ಹಿಡಿದರು, ನಮ್ಮಲ್ಲಿ ಯಾರೂ ಚೌಕಾಸಿ ಮಾಡಲಿಲ್ಲ. ಹದಿನೈದು ದಿನಕ್ಕೆ ಅವಳ ತಾಯಿ ಮಂಡ್ಯದಿಂದ ಹನ್ನೊಂದು ಸೀರೆ ಕಳಿಸಿದರು. ಅದರಲ್ಲಿ ಆರು ಪಾಲಿಯೆಸ್ಟರ್. ಜಾರ್ತಾವು, ಹೊಲಿಗಿ ಕೂಡಂಗಿಲ್ಲ, ಮೈಗೂ ಹತ್ತಂಗಿಲ್ಲ ಅಂತ ಫೋನು ಬಂತು. ಆ ಆರೂ ಬಸ್ ಪಾರ್ಸಲ್ಲಿನಲ್ಲಿ ತಿರುಗಿ ಬಂದಿವೆ.