ಕಿಡಿ ಹಾರದ ವೆಲ್ಡಿಂಗ್

ಕರ್ನಾಟಕದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮಾರ್ಪಡಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಖರ್ಚು 4,700 ಕೋಟಿ ರೂಪಾಯಿಗೂ ಮೇಲು. ತರಬೇತಿಯ ಹೆಸರಲ್ಲಿ ಇಷ್ಟು ಹಣ ಹರಿಯುವಾಗ, ಹೊಸ ಯಂತ್ರಗಳಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡುವುದು ಒಳ್ಳೆಯದು. ದೇಶದೆಲ್ಲೆಡೆ ತರಬೇತಿ ಕೇಂದ್ರಗಳಿಗೆ ಬರುತ್ತಿರುವ ವೆಲ್ಡಿಂಗ್ ಸಿಮ್ಯುಲೇಟರನ್ನೇ ತೆಗೆದುಕೊಳ್ಳೋಣ.

ಹುಡುಗ ಹೆಲ್ಮೆಟ್ ಹಾಕಿಕೊಳ್ಳುತ್ತಾನೆ. ಕಣ್ಣೆದುರು ಇರುವುದು ಕಪ್ಪು ಗಾಜಲ್ಲ, ಪರದೆ. ಅವನ ಕೈ ಓಡುವ ವೇಗ, ರಾಡಿನ ಓರೆ, ಆರ್ಕ್‌ನ ಉದ್ದ ಎಲ್ಲವನ್ನೂ ಯಂತ್ರ ಅಳೆಯುತ್ತದೆ. ಎಲ್ಲಿ ಕೈ ನಡುಗಿತು, ಎಲ್ಲಿ ಅವಸರಪಟ್ಟ ಎಂದು ಗೆರೆ ಎಳೆದು ತೋರಿಸಿ ಅಂಕ ಕೊಡುತ್ತದೆ. ಇದರ ಪ್ರಯೋಜನ ಸಣ್ಣದಲ್ಲ. ವರ್ಕ್‌ಶಾಪಿನಲ್ಲಿ ಒಬ್ಬರೇ ಮೇಷ್ಟ್ರು ಇಪ್ಪತ್ತು ಮಣಿಕಟ್ಟುಗಳ ಮೇಲೆ ಕಣ್ಣಿಡಲಾರರು. ತಲೆಯ ಮೇಲಿನ ಜಾಯಿಂಟನ್ನು ಕುತ್ತಿಗೆಗೆ ಕಿಡಿ ಬೀಳುವ ಭಯವಿಲ್ಲದೆ ಎಷ್ಟು ಸಲ ಬೇಕಾದರೂ ಮಾಡಬಹುದು. ಮೊದಲ ಕೆಲವು ವಾರ ಕೈ ಕುದುರಿಸಲು ಇದಕ್ಕಿಂತ ತಾಳ್ಮೆಯ ಗುರು ಸಿಗಲಿಕ್ಕಿಲ್ಲ.

ತಕರಾರು ಶುರುವಾಗುವುದು ಪ್ಲೇಟುಗಳಿಂದ. ಪರದೆಯ ಮೇಲಿನ ಪ್ಲೇಟುಗಳಿಗೆ ತುಕ್ಕಿಲ್ಲ, ಎಣ್ಣೆಯಿಲ್ಲ. ನಡುವಿನ ಗ್ಯಾಪು ಉದ್ದಕ್ಕೂ ಒಂದೇ ಸಮ. ಬೆಂಗಳೂರಿನ ಪೀಣ್ಯದ ಯಾವುದಾದರೂ ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗಿ ನೋಡಿ. ಜಾಯಿಂಟು ಬೆಸೆಯುವ ಮೊದಲೇ ವೆಲ್ಡರ್‌ನ ಅರ್ಧ ಕೆಲಸ ಆಗಿರುತ್ತದೆ. ಗ್ರೈಂಡರ್ ಹಿಡಿದು ಅಂಚು ಉಜ್ಜಬೇಕು, ಮೂಲೆಮಟ್ಟ ಇಟ್ಟು ನೋಡಬೇಕು, ಅಲ್ಲಲ್ಲಿ ಟ್ಯಾಕ್ ಬೆಸುಗೆ ಹಾಕಬೇಕು. ಬಿಸಿಯಾದ ಬದಿಗೆ ಪ್ಲೇಟು ಎಳೆದುಕೊಳ್ಳುತ್ತದೆಂದು ಲೆಕ್ಕ ಹಾಕಿ, ಎದುರು ದಿಕ್ಕಿಗೆ ಕೊಂಚ ಓರೆಯಾಗಿ ಇಟ್ಟಿರಬೇಕು. ಮಳೆಗಾಲದಲ್ಲಿ ತೇವ ಹೀರಿದ ರಾಡು ಚಟಚಟ ಸಿಡಿಯುತ್ತದೆ. ಕರೆಂಟ್ ಕಡಿಮೆ ಇಟ್ಟರೆ ರಾಡು ಅಂಟಿಕೊಂಡು ಕೆಂಪಗಾಗುತ್ತದೆ. ನುಣುಪಾಗಿ ಕಂಡ ಬೀಡ್ ಮೇಲಿನ ಸ್ಲ್ಯಾಗ್ ತಟ್ಟಿ ತೆಗೆದು, ವೈಸಿಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಬಗ್ಗಿಸಿದರೆ ಜಾಯಿಂಟು ಬಾಯಿ ಬಿಡುತ್ತದೆ. ಬುಡದಲ್ಲಿ ಬೆಸೆಯದೇ ಉಳಿದ ಹಳೆಯ ಅಂಚನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಪರದೆಯ ಅಂಕ ಎಷ್ಟರದೆಂದು ಯಾರೂ ಹೇಳಿಕೊಡಬೇಕಿಲ್ಲ.

ಸಿಮ್ಯುಲೇಟರಿಗೆ ಹೆಸರು ತಂದದ್ದು ವಿಮಾನ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ನೆಲದ ಮೇಲೇ ಹಾರಾಟ ಕಲಿಸುವ ಯಂತ್ರ ಮಾಡಿದ. ಹಾರಾಟದಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ವೆಲ್ಡಿಂಗ್ ಕಲಿಯುವಾಗ ತಪ್ಪಿದರೆ ಹೋಗುವುದು ಒಂದು ತುಂಡು ಕಬ್ಬಿಣ; ಗುಜರಿಗೆ ಹಾಕಿದರೆ ಅದಕ್ಕೂ ನಾಲ್ಕು ಕಾಸು ಬಂದೀತು. ಆದ್ದರಿಂದಲೇ ಮಾರುವವರು ಎಲ್ಲಕ್ಕಿಂತ ಮೊದಲು ಹೇಳುವ 'ಸಾಮಗ್ರಿ ಉಳಿತಾಯ' ನನಗೆ ಎಲ್ಲಕ್ಕಿಂತ ಬಡಕಲಾಗಿ ಕಾಣುವ ವಾದ.

ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವನ್ನು (ಜಿಟಿಟಿಸಿ) ಈ ವಾದದ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲೂ ಕಂಪ್ಯೂಟರ್ ಯಂತ್ರಗಳಿಗೆ ಬರವಿಲ್ಲ. ಆದರೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಮೇಲೆ ಇನ್ನೊಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅಳತೆ ತಪ್ಪಿದ ಡೈ ಯಾರದೋ ಉತ್ಪಾದನೆಯನ್ನೇ ನಿಲ್ಲಿಸೀತು ಎಂಬ ಅಂಜಿಕೆಯನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸಲಾರದು.

ಬೆಳಿಗ್ಗೆ ಪರದೆಯಲ್ಲಿ ಮಾಡಿದ ಜಾಯಿಂಟನ್ನೇ ಮಧ್ಯಾಹ್ನ ತುಕ್ಕು ಹಿಡಿದ ಪ್ಲೇಟಿನ ಮೇಲೆ ಮಾಡಿಸಿ, ಬಗ್ಗಿಸಿ ನೋಡುವ ಕಡೆ ಸಿಮ್ಯುಲೇಟರ್‌ಗೆ ಕೊಟ್ಟ ದುಡ್ಡು ದಂಡವಲ್ಲ. ರಾಡಿನ ಖರ್ಚು ಕತ್ತರಿಸಲೆಂದೇ ಅದನ್ನು ತಂದಿದ್ದರೆ, ಆ ಖರ್ಚು ಮುಂದೆ ಹುಡುಗನನ್ನು ಕೆಲಸಕ್ಕಿಟ್ಟುಕೊಂಡ ಶೆಡ್ಡಿನ ಮಾಲೀಕನ ತಲೆಗೆ ಬರುತ್ತದೆ.